ಕರೆ ಇದೆ ಅನ್ನಿಸಿದರೆ ಸಾಕಾ?

ಉಡುಪಿಯ ನಿಮ್ಮ ಸಭೆಯ ಹಿರಿಯರು ಚರ್ಚಿನಲ್ಲಿ ಪ್ರಸಂಗ ಮಾಡು ಅಂದಿದ್ದಾರೆ, ಒಳಗೂ ದೇವರ ಕರೆ ಇದೆ ಅನ್ನಿಸುತ್ತದೆ, ಅಷ್ಟು ಸಾಕಾ ಅಂತ ಕೇಳಿದ್ದೀರಿ. ಶುರು ಮಾಡಲು ಸಾಕು. ಆದರೆ ಬೈಬಲ್‌ನಲ್ಲಿ ಯಾಕೋಬನ ಪತ್ರಿಕೆಯ 3ನೇ ಅಧ್ಯಾಯದ ಮೊದಲ ವಚನ ಓದಿಕೊಳ್ಳಿ. ಬೋಧಿಸುವವರಿಗೆ ತೀರ್ಪು ಜಾಸ್ತಿ ಕಠಿಣ. ಇವತ್ತಿಗೂ ಅದನ್ನು ಓದಿದರೆ ನನಗೆ ಭಯವಾಗುತ್ತದೆ.

ಪ್ರಸಂಗಕ್ಕೆ ವಚನ ಆರಿಸಿದ ಮೇಲೆ ಇಡೀ ಅಧ್ಯಾಯ ಓದಿ. ಫಿಲಿಪ್ಪಿ 4:13ನ್ನೇ ನೋಡಿ, ನನ್ನನ್ನು ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನುವ ವಚನ. ಪರೀಕ್ಷೆ ಪಾಸಾಗುವುದಕ್ಕೆ ಅದನ್ನು ಎಷ್ಟು ಜನ ಹೇಳುತ್ತಾರೆ! ಮೇಲಿನ ಎರಡು ವಚನಗಳಲ್ಲಿ ಪೌಲ ಹೇಳುತ್ತಿರುವುದು ಹಸಿವಿನಲ್ಲೂ ಕೊರತೆಯಲ್ಲೂ ತೃಪ್ತಿಯಿಂದಿರುವ ಬಗ್ಗೆ, ಅದೂ ಸೆರೆಯಲ್ಲಿ ಕೂತು. ಅಂಥ ಕೊರತೆಯಲ್ಲಿರುವವರು ನಿಮ್ಮೆದುರಿನ ಬೆಂಚಿನಲ್ಲೇ ಇರುತ್ತಾರೆ, ಅಲ್ವಾ? ವಾರದ ಮಧ್ಯೆ ಅವರ ಮನೆಗೂ ಹೋಗಿ ಬನ್ನಿ.

ಪೂರ್ಣಾವಧಿ ಸೇವೆಯ ಮನಸ್ಸಿದ್ದರೆ ಮೊದಲು ಸಭಾಪಾಲಕರ ಹತ್ತಿರ ಮಾತಾಡಿ. ಆಮೇಲೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ವಿಚಾರಿಸಿ.