ಸಾವಿನ ಭಯ ಒಂದೇ ಬಗೆಯದಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 36 ವರ್ಷ. ನಾಲ್ಕು ತಿಂಗಳ ಹಿಂದೆ ತಂದೆ ತೀರಿಕೊಂಡರು. ಕರ್ಮ ಮುಗಿಯುವವರೆಗೂ ಮನೆಯಲ್ಲಿ ಗರುಡ ಪುರಾಣ ಓದಿಸಿದೆವು. ಅಂದಿನಿಂದ ರಾತ್ರಿ ಮಲಗಿದೊಡನೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆರಳು ಜೋಮು ಹಿಡಿಯುತ್ತವೆ, ಈಗಲೇ ಸತ್ತುಹೋಗುತ್ತೇನೆ ಅನ್ನಿಸುತ್ತದೆ. ಮೂರು ಸಲ ಇಸಿಜಿ ಮಾಡಿಸಿದೆ, ನಾರ್ಮಲ್. ಅಪ್ಪ ಈಗ ಎಲ್ಲಿದ್ದಾರೋ, ನನಗೆ ಏನು ಕಾದಿದೆಯೋ ಎಂಬ ಯೋಚನೆ ಬಿಡುತ್ತಿಲ್ಲ.
– ಓದುಗರು, ದಾವಣಗೆರೆ

ಉತ್ತರ: ನಿಮಗಿರುವುದು ಎರಡು ಭಯ. ಈ ಕ್ಷಣವೇ ಸಾಯುತ್ತೇನೆ ಎಂಬುದು ಒಂದು, ಸತ್ತ ಮೇಲಿನ ಶಿಕ್ಷೆಯದು ಇನ್ನೊಂದು. ಮೊದಲನೆಯದಕ್ಕೆ ವೇದಾಂತ ಹೇಳಿ ಪ್ರಯೋಜನವಿಲ್ಲ, ಎರಡನೆಯದಕ್ಕೆ ಇಸಿಜಿ ಮಾಡಿಸಿ ಪ್ರಯೋಜನವಿಲ್ಲ.

ರಾತ್ರಿ ಆಗುತ್ತಿರುವುದಕ್ಕೆ ಪ್ಯಾನಿಕ್ ಅಟ್ಯಾಕ್‌ನ ಲಕ್ಷಣಗಳಿವೆ. ಹೆದರಿಕೆಯಲ್ಲಿ ಉಸಿರಾಟ ಜೋರಾಗುತ್ತದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜೋಮು ಹಿಡಿಯುವುದು, ತಲೆ ಹಗುರಾಗುವುದು ಅದರಿಂದ. ಅದನ್ನೇ ಹೃದಯಾಘಾತ ಎಂದುಕೊಂಡಾಗ ಹೆದರಿಕೆ ಇನ್ನೂ ಏರುತ್ತದೆ. ಸಾಮಾನ್ಯವಾಗಿ ಸುಮಾರು 10 ನಿಮಿಷಕ್ಕೆ ತುದಿ ಮುಟ್ಟಿ, ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಜೋರಾಗಿ, ಎದೆ ತುಂಬ ಉಸಿರೆಳೆಯುವುದು. ಅದರಿಂದ ಜೋಮು ಹೆಚ್ಚುತ್ತದೆ. ಎದ್ದು ಕುಳಿತು, ಮೂಗಿನಿಂದ 4 ಎಣಿಸುವಷ್ಟು ಮೆಲ್ಲಗೆ ಒಳಗೆ, 6 ಎಣಿಸುವಷ್ಟು ಹೊರಗೆ, 5 ನಿಮಿಷ ಮಾಡಿ. ಸಂಜೆಯ ಮೇಲೆ ಕಾಫಿ ಬೇಡ. ನಿದ್ದೆಗೆಂದು ಮದ್ಯವಂತೂ ಬೇಡವೇ ಬೇಡ. ಅದರ ಅಮಲು ಇಳಿಯುವ ಹೊತ್ತಿಗೆ ನಡುರಾತ್ರಿ ಎದೆಬಡಿತ ಮತ್ತೆ ಏರುತ್ತದೆ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ, ಇವೆರಡರ ಏರುಪೇರೂ ಎದೆ ಬಡಿಸುತ್ತದೆ. ಆದರೆ ಎದೆ ಹಿಂಡುವ ನೋವು ಎಡಗೈಗೋ ದವಡೆಗೋ ಹಬ್ಬಿದರೆ, ತಣ್ಣನೆ ಬೆವರಿದರೆ, ಮೆಟ್ಟಿಲು ಹತ್ತುವಾಗ ನೋವು ಬಂದರೆ ಉಸಿರಾಟ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಇನ್ನು ಮೂರು ಇಸಿಜಿಯ ವಿಚಾರ. ಪರೀಕ್ಷೆ, ನಾಡಿ ಹಿಡಿದು ನೋಡುವುದು, ‘ನನಗೇನೂ ಆಗಲ್ಲ ಅಲ್ವಾ’ ಎಂದು ಮನೆಯವರನ್ನು ಕೇಳುವುದು, ಇವೆಲ್ಲ ಕೊಡುವ ಸಮಾಧಾನ ಹೆಚ್ಚು ದಿನ ನಿಲ್ಲುವುದಿಲ್ಲ. ನೋಡಿಕೊಂಡಿದ್ದಕ್ಕೇ ಬದುಕಿದೆ ಎಂದು ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ನೋಡಬೇಕೆನ್ನಿಸುತ್ತದೆ. ಹಾಗಾಗಿ ನಾಡಿ ನೋಡಬೇಕೆನ್ನಿಸಿದಾಗ ಮೊದಲ ವಾರ 15 ನಿಮಿಷ ತಡ ಮಾಡಿ, ಎರಡನೆಯ ವಾರ 30, ಆಮೇಲೆ ಬಿಟ್ಟೇಬಿಡಿ.

ಇದರ ಜೊತೆಗೆ ಸಂಜೆ 20 ನಿಮಿಷ, ಹಾಸಿಗೆಯ ಮೇಲಲ್ಲದೆ ಬೇರೆ ಕಡೆ ಕುಳಿತು, ಒಂದು ಹಾಳೆಯಲ್ಲಿ ಬರೆಯಿರಿ: ‘ನಾನು ಒಂದು ದಿನ ಸಾಯುತ್ತೇನೆ. ಆಮೇಲೆ ಏನಾಗುತ್ತದೋ ನನಗೆ ಖಚಿತವಾಗಿ ಗೊತ್ತಿಲ್ಲ.’ ಭಯಕ್ಕೆ 0ಯಿಂದ 10ರವರೆಗೆ ಅಂಕ ಕೊಡಿ. ಅಂಕ ಅರ್ಧಕ್ಕಿಳಿಯುವವರೆಗೆ ಅದನ್ನೇ ನಿಧಾನವಾಗಿ, ಗಟ್ಟಿಯಾಗಿ ಓದಿ. ಅಭ್ಯಾಸ ಕೆಡುವುದು ಸಾಮಾನ್ಯವಾಗಿ ಕೊನೆಯಲ್ಲಿ: ‘ಆದರೆ ದೇವರಿದ್ದಾನೆ, ಏನೂ ಆಗಲ್ಲ’ ಎಂದು ಸೇರಿಸಿಕೊಂಡರೆ ಭಯವನ್ನು ಎದುರಿಸಿದಂತಾಗುವುದಿಲ್ಲ. ಪ್ರಾರ್ಥನೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಮೊದಲ ಕೆಲವು ದಿನ ಅಂಕ ಇಳಿಯದೆ ಇರಬಹುದು, ನಿಲ್ಲಿಸಬೇಡಿ. ತಿಂಗಳಾದರೂ ಹಿಡಿತಕ್ಕೆ ಬಾರದಿದ್ದರೆ, ಅಥವಾ ಸತ್ತೇಹೋಗೋಣ ಎಂಬ ಯೋಚನೆ ಬಂದರೆ ಕೂಡಲೇ, ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಮಾತ್ರೆ ಕೊಟ್ಟರೆ ಗುಣ ಕಾಣಲು 2ರಿಂದ 6 ವಾರ ಬೇಕು. ನಡುವೆ ನೀವಾಗಿಯೇ ನಿಲ್ಲಿಸಬೇಡಿ.

ಎರಡನೆಯ ಭಯಕ್ಕೆ ಬರೋಣ. ಗರುಡ ಪುರಾಣದ ಸಂಗ್ರಹರೂಪವಾದ ಸಾರೋದ್ಧಾರದಲ್ಲಿ 16 ಅಧ್ಯಾಯಗಳಿವೆ. ಯಮಮಾರ್ಗ, ವೈತರಣಿ, ಯಾತನೆಗಳೆಲ್ಲ ಮೊದಲ ಭಾಗದಲ್ಲಿ ಬರುತ್ತವೆ. ಕೇಳಿದವರ ತಲೆಯಲ್ಲಿ ಉಳಿಯುವುದೂ ಅವೇ. 15ನೆಯದು ಪುಣ್ಯವಂತರ ಜನ್ಮದ್ದು, 16ನೆಯದು ಮೋಕ್ಷದ್ದು. ಈ ಎರಡನ್ನು ಈಗ ಬಿಡುವಾಗಿ ಓದಿ. ಆ ಪುರಾಣದ ಲೆಕ್ಕದಲ್ಲೂ ನರಕ ಕೊನೆಯಲ್ಲ; ಕರ್ಮ ತೀರಿದ ಮೇಲೆ ಮತ್ತೆ ಜನ್ಮವುಂಟು. ಇದೇ ನೆಲದ ಬಸವಣ್ಣನವರು ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದು ಎರಡನ್ನೂ ಇಲ್ಲಿಗೇ ತಂದರು. ಅಪ್ಪನಿಗೆ ಮಾಡಬೇಕಾದ್ದನ್ನು ನೀವು ಮಾಡಿ ಮುಗಿಸಿದ್ದೀರಿ. ನಿಮ್ಮ ಶಾಸ್ತ್ರ ಇದಕ್ಕಿಂತ ಹೆಚ್ಚು ಕೇಳುತ್ತದೆಯೇ ಎಂಬ ಅನುಮಾನವಿದ್ದರೆ ಮನೆಯ ಪುರೋಹಿತರನ್ನು ಒಮ್ಮೆ ಕೇಳಿ. ಒಮ್ಮೆ ಮಾತ್ರ.

ಪ್ರಶ್ನೆ: ನಿವೃತ್ತ ಉಪನ್ಯಾಸಕ, 71 ವರ್ಷ. ದೇವರು, ಪುನರ್ಜನ್ಮ ನಂಬುವವನಲ್ಲ. ‘ನಾವಿರುವಾಗ ಸಾವಿಲ್ಲ, ಸಾವಿರುವಾಗ ನಾವಿಲ್ಲ’ ಎಂಬ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸನ ತರ್ಕ ಒಪ್ಪುತ್ತೇನೆ. ಆದರೂ ಭಯ ಹೋಗುತ್ತಿಲ್ಲ. ತರ್ಕದಲ್ಲೇ ದೋಷವಿದೆಯೇ?
– ಓದುಗರು, ಧಾರವಾಡ

ಉತ್ತರ: ಆ ತರ್ಕ ಸತ್ತ ಮೇಲೆ ನೋವಿದೆ ಎಂಬ ಭಯಕ್ಕೆ ಮಾತ್ರ ಮದ್ದು. ಕಳೆದುಕೊಳ್ಳುವುದರ ಭಯವನ್ನು ಅದು ಮುಟ್ಟುವುದೇ ಇಲ್ಲ. ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗಲ್ 1970ರ ಪ್ರಬಂಧದಲ್ಲಿ ಎತ್ತಿದ ಆಕ್ಷೇಪ ಇದೇ: ಸಾವು ಕೆಟ್ಟದ್ದಾಗುವುದು ಅದರಲ್ಲಿ ಏನೋ ಇರುವುದರಿಂದಲ್ಲ, ಸಿಗಬಹುದಾಗಿದ್ದ ಬದುಕನ್ನು ಅದು ಕಸಿಯುವುದರಿಂದ. ಹುಟ್ಟುವ ಮೊದಲಿನ ಅನಂತ ಕಾಲ ನಮಗೆ ನೋಯುವುದಿಲ್ಲವಲ್ಲ ಎಂದು ಪ್ರಾಚೀನ ರೋಮಿನ ಕವಿ ಲುಕ್ರೀಷಿಯಸ್ ಕೇಳಿದ್ದ. ಅದಕ್ಕೂ ನೇಗಲ್‌ನಲ್ಲಿ ಉತ್ತರವಿದೆ: ಇನ್ನಷ್ಟು ಮೊದಲೇ ನೀವಾಗಿ ಹುಟ್ಟಲು ಸಾಧ್ಯವಿರಲಿಲ್ಲ, ಇನ್ನಷ್ಟು ಕಾಲ ಬದುಕಲು ಸಾಧ್ಯ. ಇನ್ನೊಂದು ಮಾತು, ಸಾವಿನ ಭಯ ವಿದ್ವಾಂಸನಲ್ಲೂ ತಾನಾಗಿಯೇ ಹರಿಯುತ್ತದೆ ಎಂದು ಯೋಗಸೂತ್ರ (2.9) ಹೇಳುತ್ತದೆ. ತರ್ಕ ಒಪ್ಪಿಯೂ ಹೆದರುವುದು ನಿಮ್ಮ ಬುದ್ಧಿಯ ಸೋಲಲ್ಲ. 1896ರಲ್ಲಿ ಮದುರೆಯಲ್ಲಿ ಸಾವಿನ ಭಯ ಹಿಡಿದಾಗ ಹದಿನಾರರ ರಮಣರು (ಮುಂದೆ ರಮಣ ಮಹರ್ಷಿ) ವಾದಕ್ಕಿಳಿಯದೆ, ಶವದಂತೆ ಮಲಗಿ ಸಾಯುವುದು ಯಾವುದೆಂದು ನೋಡಿದರು. ಅವರು ಕಂಡದ್ದು ಆತ್ಮವನ್ನು. ಅದನ್ನು ಒಪ್ಪದ ನಿಮಗೆ ಆ ದಾರಿ ಪೂರ್ತಿ ದಕ್ಕಲಾರದು.

ನಿಮ್ಮ ವಯಸ್ಸಿನ ಅನೇಕರಲ್ಲಿ ಸಾವಿನ ಭಯದೊಳಗೆ ಕುಳಿತಿರುವುದು ಐಸಿಯುವಿನ, ಟ್ಯೂಬುಗಳ, ಪರಾಧೀನತೆಯ ಭಯ. ನಿಮ್ಮದೂ ಅದೇ ಆಗಿದ್ದರೆ ತರ್ಕ ಬಿಡಿ, ಮುಂಗಡ ವೈದ್ಯಕೀಯ ನಿರ್ದೇಶನ ಬರೆದಿಡಿ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು, 2023ರಲ್ಲಿ ವಿಧಾನ ಸರಳ ಮಾಡಿತು. ಗುಣವಾಗುವ ಭರವಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ, ನಿಮ್ಮ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಸ್ಪಷ್ಟವಾಗಿ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಒಂದು ಪ್ರತಿಯನ್ನು ಅದರಲ್ಲಿ ಹೆಸರಿಸಿದವರಿಗೆ, ಇನ್ನೊಂದನ್ನು ನಿಮ್ಮ ವೈದ್ಯರಿಗೆ ಕೊಡಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಕಾಗದ ಬೇಕಾದ ಹೊತ್ತಿಗೆ ಯಾರ ಕೈಗೂ ಸಿಗುವುದಿಲ್ಲ.

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಆರು ವರ್ಷದ ಮಗಳು ‘ಅಮ್ಮಾ, ನೀನೂ ಸಾಯ್ತೀಯಾ?’ ಎಂದು ದಿನವೂ ಕೇಳುತ್ತಾಳೆ.
– ಓದುಗರು, ಪುತ್ತೂರು

ಉತ್ತರ: ‘ಅಜ್ಜಿ ಮಲಗಿಬಿಟ್ಟರು’ ಎಂದು ಹೇಳಿದ್ದರೆ ಇವತ್ತೇ ತಿದ್ದಿ, ಮಗು ನಿದ್ದೆಗೇ ಹೆದರುತ್ತದೆ. ಅಜ್ಜಿಯ ದೇಹ ಕೆಲಸ ನಿಲ್ಲಿಸಿತು, ಈಗ ಅವರಿಗೆ ಹಸಿವಿಲ್ಲ, ನೋವಿಲ್ಲ, ಅವರು ವಾಪಸ್ ಬರುವುದಿಲ್ಲ ಎಂದು ಹೇಳಿ. ನಿಮ್ಮ ಬಗ್ಗೆ ಕೇಳಿದರೆ: ‘ಎಲ್ಲರೂ ಒಂದು ದಿನ ಸಾಯ್ತಾರೆ ಪುಟ್ಟಿ. ಹೆಚ್ಚಿನವರು ತುಂಬಾ ವಯಸ್ಸಾದ ಮೇಲೆ. ನಾನು ತುಂಬಾ ದಿನ ನಿನ್ನ ಜೊತೆ ಇರ್ತೀನಿ ಅಂದ್ಕೊಂಡಿದೀನಿ.’ ಸಾಯುವುದೇ ಇಲ್ಲ ಎಂದು ಆಣೆ ಇಡಬೇಡಿ. ಅವಳು ನಿಜವಾಗಿ ಕೇಳುತ್ತಿರುವುದು ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು. ಅಪ್ಪ, ಚಿಕ್ಕಮ್ಮ, ಅಜ್ಜ ಎಂದು ಹೆಸರು ಹಿಡಿದು ಹೇಳಿ. ನಾಳೆ ಮತ್ತೆ ಕೇಳಿದರೆ ಇದೇ ಮಾತನ್ನು ಇದೇ ಧಾಟಿಯಲ್ಲಿ ಹೇಳಿ.