ಕೆಲಸ ಬಿಡಲೋ ಬೇಡವೋ: ದೇವರ ಇಚ್ಛೆ ತಿಳಿಯುವುದು ಹೇಗೆ?

ಈಗಿನ ಕೆಲಸ ಬಿಟ್ಟು ಹೊಸದಕ್ಕೆ ಹೋಗಲೇ, ದೇವರ ಇಚ್ಛೆ ಹೇಗೆ ತಿಳಿಯಲಿ ಎಂದು ಕೇಳಿದ್ದೀರಿ. ಚೀಟಿ ಎತ್ತುವುದು ನನಗೆ ಸರಿಕಾಣುವುದಿಲ್ಲ. ಬೇಕಾದ ಉತ್ತರ ಬರುವವರೆಗೂ ಎತ್ತುತ್ತಲೇ ಇರುತ್ತೇವೆ.

1521ರಲ್ಲಿ ಯುದ್ಧದಲ್ಲಿ ಕಾಲಿಗೆ ಗಾಯವಾಗಿ ಹಾಸಿಗೆ ಹಿಡಿದಿದ್ದ ಸ್ಪೇನಿನ ಯೋಧ, ಮುಂದೆ ಕ್ರೈಸ್ತ ಸಂತರಾದ ಇಗ್ನೇಷಿಯಸ್ ಲೊಯೋಲಾ ಒಂದು ವಿಷಯ ಗಮನಿಸಿದರು. ಶೌರ್ಯ, ಕೀರ್ತಿಯ ಕನಸು ಕಾಣುವಾಗ ಖುಷಿಯಾಗುತ್ತಿತ್ತು, ಆಮೇಲೆ ಮನಸ್ಸು ಬರಿದಾಗುತ್ತಿತ್ತು. ಸಂತರಂತೆ ಬದುಕುವ ಯೋಚನೆಯ ಸಂತೋಷ ಮಾತ್ರ ಹಾಗೇ ಉಳಿಯುತ್ತಿತ್ತು. ನೀವೂ ನೋಡಿ: ಮೂರು ದಿನ ಹೊಸ ಕೆಲಸ ಒಪ್ಪಿಕೊಂಡೆ ಎಂದೇ ಭಾವಿಸಿ ಪ್ರಾರ್ಥಿಸಿ, ಇನ್ನು ಮೂರು ದಿನ ಇಲ್ಲೇ ಉಳಿದೆ ಎಂದು. ರಾತ್ರಿ ದೀಪ ಆರಿಸುವ ಮುನ್ನ ಎದೆಯಲ್ಲಿ ಏನಿದೆ ಎಂದು ಒಂದೇ ಸಾಲು ಬರೆದಿಡಿ. ಸಂಬಳ ನೆನೆದಾಗಿನ ಪುಳಕ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಸಮಾಧಾನ ಇದ್ದರೆ ಬೆಳಿಗ್ಗೆಯೂ ಇರುತ್ತದೆ.

ಅವರದೇ ಇನ್ನೊಂದು ಸಲಹೆ, ಮನಸ್ಸು ಕುಗ್ಗಿದಾಗ ಹಿಂದಿನ ನಿರ್ಧಾರ ಬದಲಿಸಬಾರದು. ಮೇಲಧಿಕಾರಿ ಬೈದ ಸಂಜೆ ದಯವಿಟ್ಟು ರಾಜೀನಾಮೆ ಬರೆಯಬೇಡಿ.

ಸಾಲ, ಮನೆ ಖರ್ಚು, ಮಕ್ಕಳ ಓದು ಎಲ್ಲವನ್ನೂ ದೇವರ ಮುಂದೆ ಬಿಡಿಸಿ ಹೇಳಿ. ಲೆಕ್ಕ ಹಾಕುವುದು ನಂಬಿಕೆಯ ಕೊರತೆಯಲ್ಲ. ಕೊನೆಗೆ, ನಿಮ್ಮನ್ನು ಚೆನ್ನಾಗಿ ಬಲ್ಲ, ಮುಲಾಜಿಲ್ಲದೆ ಮಾತಾಡುವ ಒಬ್ಬ ಹಿರಿಯರಿಗೆ ಆ ಆರು ಸಾಲುಗಳನ್ನು ಓದಿ ಹೇಳಿ.