ಹೆಡ್‌ಲೈಟ್ ಮಂಕು ಅಂತ 30 ಆಂಪ್ ಫ್ಯೂಸ್ ತುರುಕಿದವರಿಗೆ

ಸರ್, ಬೇಜಾರು ಮಾಡ್ಕೋಬೇಡಿ. ಮೊದಲು ಆ 30 ಆಂಪ್ ಫ್ಯೂಸ್ ಕಿತ್ತಿಡಿ, ಆಮೇಲೆ ಮುಂದೆ ಓದಿ. ಹಳೇ ಪಿಕಪ್, ಹೆಡ್‌ಲೈಟ್ ಮಂಕು, ಅದಕ್ಕೆ 100/90 ಬಲ್ಬ್ (ಹೈ 100, ಲೋ 90 ವ್ಯಾಟ್) ಹಾಕಿದ್ರಿ, 15 ಆಂಪ್ ಫ್ಯೂಸ್ ಹಾರ್ತಿತ್ತು, 30 ಹಾಕಿದ ಮೇಲೆ "ಸರಿಹೋಯ್ತು", ಸ್ಟೇರಿಂಗ್ ಹತ್ರ ಮಾತ್ರ ಸ್ವಲ್ಪ ವಾಸನೆ ಅಂದಿದ್ದೀರಿ. ನಾನೂ ಒಂದು ಕಾಲಕ್ಕೆ ಮಾಡಿದ ತಪ್ಪೇ ಇದು. ಆ ವಾಸನೆ ಡಿಪ್ಪರ್ ಸ್ವಿಚ್‌ನ (ಹೈ–ಲೋ ಬದಲಾಯಿಸೋದು) ಪ್ಲಾಸ್ಟಿಕ್ ಬೇಯ್ತಿರೋದು. ಫ್ಯೂಸ್ ಇರೋದು ಬಲ್ಬ್ ಉಳಿಸೋಕಲ್ಲ, ವೈರ್ ಉಳಿಸೋಕೆ. ವೈರ್ ಹಳೇದೇ ಬಿಟ್ಟು ಫ್ಯೂಸ್ ದೊಡ್ಡದು ಮಾಡಿದ್ರೆ, ಮುಂದೆ ಫ್ಯೂಸ್ ಆಗೋದು ಆ ವೈರೇ.

ಲೆಕ್ಕ ನೋಡಿ. 60 ವ್ಯಾಟ್ ಹೈ ಬೀಮ್ ಎರಡು ಅಂದ್ರೆ ಸುಮಾರು 10 ಆಂಪ್. 100 ವ್ಯಾಟ್ ಎರಡು ಅಂದ್ರೆ 17 ಹತ್ರ. ಕಂಪನಿ ವೈರಿಂಗ್‌ನಲ್ಲಿ ಈ ಕರೆಂಟ್ ಬ್ಯಾಟರಿಯಿಂದ ಒಳಗೆ ಹೋಗಿ, ಫ್ಯೂಸ್ ಬಾಕ್ಸ್, ಲೈಟ್ ಸ್ವಿಚ್, ಡಿಪ್ಪರ್ ದಾಟಿ ಮತ್ತೆ ಮುಂದಕ್ಕೆ ಬರಬೇಕು. 1 ಚದರ ಮಿ.ಮೀ. ತಾಮ್ರದ ವೈರ್ 5 ಮೀಟರ್ ಇದ್ರೆ, 10 ಆಂಪ್‌ಗೆ ವೈರ್‌ನಲ್ಲೇ 0.87 ವೋಲ್ಟ್ ಹೋಗುತ್ತೆ. ಸವೆದ ಸ್ವಿಚ್ ಕಾಂಟ್ಯಾಕ್ಟ್, ತುಕ್ಕು ಹಿಡಿದ ಅರ್ತ್ (ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ) ಸೇರಿದ್ರೆ ಒಂದೂವರೆ ಎರಡು ವೋಲ್ಟ್ ಮಾಮೂಲು. ಬೆಳಕು ವೋಲ್ಟೇಜ್‌ನಷ್ಟೇ ನಿಧಾನಕ್ಕೆ ಇಳಿಯಲ್ಲ, ಧಡಾರ್ ಅಂತ ಬೀಳುತ್ತೆ. 13.5 ಬರಬೇಕಾದ ಕಡೆ 12 ಬಂದ್ರೆ ಉಳಿಯೋದು ಮೂರರಲ್ಲಿ ಎರಡು ಪಾಲು ಬೆಳಕು, 10.8 ಬಂದ್ರೆ ಅರ್ಧವೂ ಇಲ್ಲ. ದೊಡ್ಡ ಬಲ್ಬ್ ಹಾಕಿದಷ್ಟೂ ಡ್ರಾಪ್ ಜಾಸ್ತಿ. ಪೂರ್ತಿ ವೋಲ್ಟೇಜ್ ಸಿಕ್ಕಿದ 60/55, ಹಸಿದ 100/90ಗಿಂತ ಚೆನ್ನಾಗಿ ಕಾಣಿಸುತ್ತೆ.

ಏನೂ ಖರೀದಿ ಮಾಡೋ ಮುಂಚೆ ಮೀಟರ್ ಹಿಡೀರಿ. ಮತ್ತೆ 60/55 ಬಲ್ಬ್, 15 ಆಂಪ್ ಫ್ಯೂಸ್ ಹಾಕಿ, ಇಂಜಿನ್ ಸ್ಟಾರ್ಟ್, ಲೋ ಬೀಮ್ ಆನ್, ಪ್ಲಗ್ ಬಲ್ಬ್‌ನಲ್ಲೇ ಇರಲಿ. ಒಂದು ಪ್ರೋಬ್ ಬ್ಯಾಟರಿ ಪ್ಲಸ್ ಮೇಲೆ, ಇನ್ನೊಂದು ಬಲ್ಬ್‌ನ ಲೋ ಪಿನ್ ಹಿಂದೆ. ಆಮೇಲೆ ಬ್ಯಾಟರಿ ಮೈನಸ್‌ನಿಂದ ಬಲ್ಬ್‌ನ ಅರ್ತ್ ಪಿನ್‌ಗೆ. ಪ್ಲಸ್ ಕಡೆ ಅರ್ಧ ವೋಲ್ಟ್, ಅರ್ತ್ ಕಡೆ 0.2 ದಾಟಿದ್ರೆ ಕೆಲಸ ಇದೆ ಅಂತ ಅರ್ಥ. ಅರ್ತ್ ಕಡೆಯದನ್ನ ಯಾರೂ ನೋಡಲ್ಲ, ಅರ್ಧ ಗಾಡಿಗಳ ರೋಗ ಅಲ್ಲೇ.

ಈಗ ರಿಲೇ, ಅಂದ್ರೆ ಹಳೇ ಸ್ವಿಚ್‌ನ ಸಣ್ಣ ಕರೆಂಟಿಂದ ಬಲ್ಬ್‌ನ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್. ಲೋಗೆ ಒಂದು, ಹೈಗೆ ಒಂದು. ಬಾಷ್ ಅಥವಾ ಹೆಲ್ಲಾ ತಗೊಳ್ಳಿ. ಹೆಸರಿಲ್ಲದ ಡಬ್ಬಿ ರಿಲೇ ಮೇಲೆ 40 ಆಂಪ್ ಅಂತ ಬರೆದಿದ್ರೂ ಒಳಗಿನ ಕಾಂಟ್ಯಾಕ್ಟ್ ನೋಡಿದ್ರೆ ಅಳು ಬರುತ್ತೆ. ರಿಲೇಯ ಪಿನ್‌ಗಳ ಮೇಲೆ ನಂಬರ್ ಇರುತ್ತೆ. 30ನೇ ಪಿನ್‌ಗೆ ಬ್ಯಾಟರಿಯಿಂದ 2.5 ಚದರ ಮಿ.ಮೀ. ವೈರ್, ಪ್ರತಿ ರಿಲೇಗೂ ಬೇರೆ 15 ಆಂಪ್ ಫ್ಯೂಸ್. ಎರಡಕ್ಕೂ ಸೇರಿ ಒಂದೇ ಫ್ಯೂಸ್ ಹಾಕಿದ್ರೆ ರಾತ್ರಿ ಅದು ಹೋದ ಗಳಿಗೆ ಪೂರ್ತಿ ಕತ್ತಲು. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್‌ಗಿಂತ ಹಿಂದಿನ ವೈರ್ ಬಾಡಿಗೆ ಉಜ್ಜಿದ್ರೆ ಕಾಪಾಡೋಕೆ ಯಾರೂ ಇಲ್ಲ. 87ರಿಂದ ಎರಡೂ ಬಲ್ಬ್‌ಗೆ ಅದೇ 2.5 ವೈರ್. ಬಲ್ಬ್‌ನ ಅರ್ತ್‌ಗೂ 2.5 ವೈರ್, ಪೇಂಟ್ ಕೆರೆದು ಬೋಲ್ಟ್ ಹಾಕಿ. ಇನ್ನೂ ಒಳ್ಳೇದು ಅಂದ್ರೆ ನೇರ ಬ್ಯಾಟರಿ ಮೈನಸ್‌ಗೆ. 86ಕ್ಕೆ ಹಳೇ ಹೆಡ್‌ಲೈಟ್ ಪ್ಲಗ್‌ನ ಲೋ (ಅಥವಾ ಹೈ) ವೈರ್, 85 ಅರ್ತ್. ಒಳಗೆ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡೋದು) ಇರೋ ರಿಲೇ ಆದ್ರೆ 85–86 ಅದಲುಬದಲು ಮಾಡಬೇಡಿ, ಲೈಟ್ ಹಾಕಿದ ತಕ್ಷಣ ಶಾರ್ಟ್. 85–86 ನಡುವಿನ ಕಾಯಿಲ್ ಎಳೆಯೋದು 0.2 ಆಂಪ್ ಒಳಗೆ, ಹಾಗಾಗಿ ಹಳೇ ಸ್ವಿಚ್ ಇನ್ನು ಮುಂದೆ ಆರಾಮಾಗಿ ಬಾಳುತ್ತೆ. ಒಂದು ಕಡೆಯ ಹಳೇ ಪ್ಲಗ್ ಸಾಕು, ಇನ್ನೊಂದನ್ನ ನೀರು ಹೋಗದ ಹಾಗೆ ಮುಚ್ಚಿ ಕಟ್ಟಿಡಿ, ಕತ್ತರಿಸಬೇಡಿ.

ಐದು ಪಿನ್ ರಿಲೇ ಸಿಕ್ಕಿದ್ರೆ ನಡುವಿನ ಪಿನ್ ಮೇಲೆ ಏನು ಬರೆದಿದೆ ಅಂತ ಓದಿ. 87 ಅಂತಿದ್ರೆ ಪರವಾಗಿಲ್ಲ. 87ಎ ಅಂತಿದ್ರೆ ಅದು ಸ್ವಿಚ್ ಆಫ್ ಇದ್ದಾಗ ಸಪ್ಲೈ ಕೊಡೋ ಪಿನ್. ಅದಕ್ಕೆ ಬಲ್ಬ್ ಕೊಟ್ಟು "ಲೈಟ್ ಆಫೇ ಆಗ್ತಿಲ್ಲ" ಅನ್ನೋ ಪೋಸ್ಟ್ ಈ ಗುಂಪಲ್ಲೇ ಎಷ್ಟು ಬಂದಿವೆ!

ಒಂದು ಎಚ್ಚರಿಕೆ. 80–90ರ ದಶಕದ ಟೊಯೋಟಾ ಪಿಕಪ್‌ಗಳಂಥವುಗಳಲ್ಲಿ ಹೆಡ್‌ಲೈಟ್ ಸ್ವಿಚ್ ಪ್ಲಸ್ ಕಡೆ ಅಲ್ಲ, ಅರ್ತ್ ಕಡೆ ಇರುತ್ತೆ. ಎರಡೂ ಕಡೆಯ ಪ್ಲಗ್ ಬಿಚ್ಚಿ, ಮೀಟರ್‌ನ ಕಪ್ಪು ಪ್ರೋಬ್ ಬಾಡಿಗಿಟ್ಟು, ಲೋ–ಹೈ ಬದಲಾಯಿಸಿ ನೋಡಿ. ವೋಲ್ಟೇಜ್ ಒಂದು ಪಿನ್‌ನಿಂದ ಇನ್ನೊಂದಕ್ಕೆ ಹಾರಿದ್ರೆ ಮಾಮೂಲಿ ವೈರಿಂಗ್. ಎರಡರಲ್ಲೂ ಅದೇ ಒಂದು ಪಿನ್‌ನಲ್ಲಿ 12 ತೋರಿಸಿದ್ರೆ ಅರ್ತ್ ಸ್ವಿಚಿಂಗ್. ಆಗ ಆ ಕಾಮನ್ ಪ್ಲಸ್ ವೈರ್ 86ಕ್ಕೆ, ಲೋ/ಹೈ ವೈರ್ ಅದರದರ ರಿಲೇಯ 85ಕ್ಕೆ. ಬಲ್ಬ್ ಕಡೆ ಹೊಸ ವೈರಿಂಗ್ ಹಾಗೇ ಇರುತ್ತೆ.

ಕೆಲಸ ಕೆಡೋದು ಮುಖ್ಯವಾಗಿ ಜಾಯಿಂಟ್‌ನಲ್ಲಿ. ವೈರ್ ತಿರುಚಿ ಟೇಪ್ ಸುತ್ತೋದು ಬೇಡವೇ ಬೇಡ. ಇಂಜಿನ್ ಶಾಖಕ್ಕೆ ಟೇಪ್ ಅಂಟಾಗಿ ಜಾರುತ್ತೆ. ಬರೀ ಸೋಲ್ಡರೂ ಬೇಡ, ಸೋಲ್ಡರ್ ಮುಗಿಯೋ ಜಾಗದಲ್ಲಿ ವೈರ್ ಗಟ್ಟಿಯಾಗಿ ಅದುರಾಟಕ್ಕೆ ಮುರಿಯುತ್ತೆ. 6.3 ಮಿ.ಮೀ. ಟರ್ಮಿನಲ್‌ಗೆ ಎರಡು ಜೊತೆ ರೆಕ್ಕೆ ಇರುತ್ತೆ: ಒಳಗಿನದು ತಾಮ್ರ ಹಿಡಿಯೋಕೆ, ಹೊರಗಿನದು ವೈರ್‌ನ ತೊಗಲು ಹಿಡಿಯೋಕೆ. 5–6 ಮಿ.ಮೀ. ಮಾತ್ರ ಸುಲಿದು, ಎಳೆ ಒಂದೂ ತುಂಡಾಗದ ಹಾಗೆ ಕ್ರಿಂಪ್ ಮಾಡಿ (ರೆಕ್ಕೆ ಒತ್ತಿ ಬಿಗಿದು) ಕೈಯಲ್ಲಿ ಜೋರಾಗಿ ಎಳೀರಿ. ಬಂದ್ರೆ ಈಗಲೇ ಬರಲಿ. ಹಳೇ ವೈರ್ ಸುಲಿದಾಗ ತಾಮ್ರ ಕಪ್ಪಗಿದ್ರೆ ಅದರ ಮೇಲೆ ಕ್ರಿಂಪ್ ಹಿಡಿಯಲ್ಲ. ಕೆಂಪಗೆ ಹೊಳೆಯೋ ತಾಮ್ರ ಕಾಣೋವರೆಗೂ ಹಿಂದಕ್ಕೆ ಕತ್ತರಿಸ್ತಾ ಹೋಗಿ. ರಿಲೇಗಳನ್ನ ಪಿನ್ ಕೆಳಮುಖವಾಗಿ ಕೂರಿಸಿ, ನೀರು ನಿಲ್ಲಬಾರದು. ಎಕ್ಸಾಸ್ಟ್ ಕಡೆ ವೈರ್ ಹಾಯಿಸಬೇಡಿ.

100/90 ಇಟ್ಕೋತೀನಿ ಅಂತ ಹಟ ಮಾಡೋರಿಗೆ: ಸೆರಾಮಿಕ್ ಹೋಲ್ಡರ್, 20 ಆಂಪ್ ಫ್ಯೂಸ್, ರಿಫ್ಲೆಕ್ಟರ್ ಲೋಹದ್ದೇ ಇರಬೇಕು. ಪ್ಲಾಸ್ಟಿಕ್ ರಿಫ್ಲೆಕ್ಟರ್ ಬೆಳ್ಳಿ ಬಣ್ಣ ಕಳಕೊಂಡು ಮತ್ತೆ ಮಂಕಾಗುತ್ತೆ. ರಸ್ತೆ ಮೇಲೆ ಅದಕ್ಕೆ ಅನುಮತಿ ಇಲ್ಲದ ಕಡೆಯೇ ಜಾಸ್ತಿ. ಒಸ್ರಾಮ್ ಅಥವಾ ಫಿಲಿಪ್ಸ್‌ನ ಸಾದಾ 60/55 ಸಾಕು. ಎಲ್‌ಇಡಿ ಬಲ್ಬ್ ಕೇಳಲೇಬೇಡಿ. ಹ್ಯಾಲೊಜೆನ್‌ಗೆ ಮಾಡಿದ ರಿಫ್ಲೆಕ್ಟರ್‌ನಲ್ಲಿ ಫಿಲಮೆಂಟ್ ಇದ್ದ ಜಾಗದಲ್ಲೇ ಬೆಳಕು ಹುಟ್ಟದಿದ್ರೆ, ಎದುರಿನವನ ಕಣ್ಣು ಕುಕ್ಕುತ್ತೆ, ನಿಮಗೆ ದಾರಿ ಕಾಣಲ್ಲ. ಲೈಟ್ ಬಾರ್ ಹಾಕೋರು ಅದರ ಸ್ವಿಚ್‌ಗೆ ಸಪ್ಲೈನ ಹೈ ಬೀಮ್ ವೈರ್‌ನಿಂದ ತಗೊಳ್ಳಿ, ಡಿಪ್ ಮಾಡಿದಾಗ ತಾನಾಗೇ ಆರುತ್ತೆ. ಅದಕ್ಕೂ ಬೇರೆ ರಿಲೇ, ಬೇರೆ ಫ್ಯೂಸ್.

ಡೈನಮೋ ಕೂಡ ನೋಡಿ. ಸ್ವಲ್ಪ ರೇಸ್‌ನಲ್ಲಿ ಬ್ಯಾಟರಿ ಮೇಲೆ 13.8ರಿಂದ 14.4 ಬರಬೇಕು. ಕಡಿಮೆ ಇದ್ರೆ ಮೊದಲು ಬೆಲ್ಟ್, ಆಮೇಲೆ ಇಂಜಿನ್‌ನಿಂದ ಚಾಸಿಗೆ ಬರೋ ಅರ್ತ್ ಪಟ್ಟಿ. 14.8 ದಾಟಿದ್ರೆ ಕಟೌಟ್ (ವೋಲ್ಟೇಜ್ ಹತೋಟೀಲಿಡೋ ರೆಗ್ಯುಲೇಟರ್) ಹೋಗಿದೆ. ವೋಲ್ಟೇಜ್ 5% ಏರಿದ್ರೆ ಬಲ್ಬ್ ಆಯಸ್ಸು ಹೆಚ್ಚುಕಮ್ಮಿ ಅರ್ಧ.

ಹಿಂದಿನ ಸ್ಪ್ರಿಂಗ್‌ಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದ್ದೀನಿ ಅಂತ ಕೊನೇಲಿ ಬರೆದಿದ್ರಿ. ಹಿಂದುಗಡೆ ಎದ್ದಿದ್ರೆ ಹೆಡ್‌ಲೈಟ್ ಮೂತಿ ನೆಲ ನೋಡ್ತಿರುತ್ತೆ, ಮಂಕು ಅನ್ಸೋಕೆ ಅದೂ ಒಂದು ಕಾರಣ. ಸಮತಟ್ಟು ಜಾಗದಲ್ಲಿ, ಮಾಮೂಲು ಲೋಡ್ ಇಟ್ಟು, ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಲೋ ಬೀಮ್‌ನ ಮೇಲಂಚು ಹೆಡ್‌ಲೈಟ್ ಮಧ್ಯದ ಎತ್ತರಕ್ಕಿಂತ 10–13 ಸೆಂ.ಮೀ. ಕೆಳಗಿರಲಿ. ಇದಕ್ಕಿಂತ ದೊಡ್ಡ ವಿಷಯ ಬ್ರೇಕ್. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಸಣ್ಣ ಕಡ್ಡಿ ಜೋಡಿಸಿದ ವಾಲ್ವ್ ನಿಮ್ಮ ಗಾಡೀಲಿ ಇದ್ರೆ, ಹಿಂಭಾಗ ಎದ್ದಾಗ ಅದು ಗಾಡಿ ಖಾಲಿ ಅಂದ್ಕೊಂಡು ಹಿಂದಿನ ಬ್ರೇಕ್ ಪ್ರೆಶರ್ ಕಡಿಮೆ ಮಾಡುತ್ತೆ. ತುಂಬಿದ ಲೋಡಲ್ಲಿ ಗಾಡಿ ನಿಲ್ಲಲ್ಲ. ಆ ಕಡ್ಡಿಯನ್ನ ಹೊಸ ಎತ್ತರಕ್ಕೆ ಸೆಟ್ ಮಾಡಿಸದೆ ಲೋಡ್ ಹಾಕಬೇಡಿ. ಸ್ಪ್ರಿಂಗ್ ಪ್ಲೇಟ್‌ಗಳನ್ನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಹಳೇದೇ ಹಾಕಿದ್ರೆ ಬದಲಾಯಿಸಿ, ಹೊಸದಾದ್ರೆ ಇನ್ನೂರು ಕಿ.ಮೀ. ಓಡಿಸಿ ಮತ್ತೆ ಟೈಟ್ ಮಾಡಿ.

ಡಿಪ್ಪರ್ ಸ್ವಿಚ್‌ನ ಕನೆಕ್ಟರ್ ಬಿಚ್ಚಿ ಫೋಟೋ ಹಾಕಿ. ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿದ್ರೆ ಕನೆಕ್ಟರೂ ಬದಲಾಯಿಸಬೇಕು. ಆ ಎರಡು ಮೀಟರ್ ರೀಡಿಂಗೂ ಜೊತೆಗೆ ಬರೀರಿ, 100/90 ತೆಗೆದು 60/55 ಹಾಕಿ ಅಳೆದಿದ್ದು.